ಜ್ವರ ಬಿಟ್ಟ ಮೇಲಿನ ಉಸಿರು

ವೈರಾಣು ಸೋಂಕಿನಿಂದ ಶ್ವಾಸಕೋಶಕ್ಕೆ ಆಗುವ ತೊಡಕುಗಳು ಎರಡು ಹೊತ್ತಿನಲ್ಲಿ ಕಾಣಿಸಿಕೊಳ್ಳುತ್ತವೆ. ಕೆಲವು ಜ್ವರ ಏರಿರುವಾಗಲೇ ಶುರುವಾಗುತ್ತವೆ. ಇನ್ನು ಕೆಲವು ಜ್ವರ ಬಿಟ್ಟು, ಗಂಜಿ ರುಚಿಸತೊಡಗಿ, ಮನೆಯವರು ನಿಶ್ಚಿಂತರಾದ ಮೇಲೆ ಬರುತ್ತವೆ. ಹೆಚ್ಚು ಮೋಸ ಮಾಡುವುದು ಈ ಎರಡನೆಯವೇ.

ಶ್ವಾಸನಾಳದ ಒಳಗೋಡೆಯ ತುಂಬ ಸೂಕ್ಷ್ಮ ರೋಮಗಳಿವೆ. ಅವು ಸದಾ ಅಲುಗಾಡುತ್ತ ಧೂಳು, ರೋಗಾಣುಗಳನ್ನು ಕಫದೊಂದಿಗೆ ಗಂಟಲಿನತ್ತ ತಳ್ಳುತ್ತಿರುತ್ತವೆ. ಇನ್‌ಫ್ಲುಯೆಂಜಾದಂಥ ವೈರಾಣು ಈ ಪದರವನ್ನೇ ಹಾಳುಗೆಡವುತ್ತದೆ. ಅದು ಮತ್ತೆ ಬೆಳೆಯಲು ವಾರಗಳೇ ಬೇಕು. ಅಷ್ಟರೊಳಗೆ, ಆರೋಗ್ಯವಂತರ ಮೂಗು ಗಂಟಲುಗಳಲ್ಲೂ ತೆಪ್ಪಗೆ ಇರುವ ನ್ಯುಮೋಕಾಕಸ್, ಸ್ಟೆಫಿಲೋಕಾಕಸ್ ಬ್ಯಾಕ್ಟೀರಿಯಾಗಳು ಕೆಳಗಿಳಿದು ನ್ಯುಮೋನಿಯಾ ತರುತ್ತವೆ. ಜ್ವರ ಇಳಿದು ನಾಲ್ಕೈದು ದಿನಕ್ಕೆ ಮತ್ತೆ ಚಳಿಜ್ವರ, ಹಳದಿ ಇಲ್ಲವೇ ತುಕ್ಕಿನ ಬಣ್ಣದ ಕಫ, ಉಸಿರೆಳೆದರೆ ಪಕ್ಕೆಯಲ್ಲಿ ಚುಚ್ಚು ನೋವು ಕಂಡರೆ ಅದು ಬಹುಮಟ್ಟಿಗೆ ಈ ಬಗೆಯದು. 1918ರ ಇನ್‌ಫ್ಲುಯೆಂಜಾ ಭಾರತದಲ್ಲಿ ಒಂದು ಕೋಟಿಗೂ ಹೆಚ್ಚು ಜನರನ್ನು ಕೊಂದಿತು. ಆ ಪಿಡುಗಿನಲ್ಲಿ ಸತ್ತವರ ಶ್ವಾಸಕೋಶದಿಂದ ತೆಗೆದು ಕಾಪಿಟ್ಟಿದ್ದ ತುಣುಕುಗಳನ್ನು ಅಮೆರಿಕದ ಸಂಶೋಧಕರು ಮತ್ತೆ ಪರೀಕ್ಷಿಸಿ 2008ರಲ್ಲಿ ವರದಿ ಪ್ರಕಟಿಸಿದರು. ಹೆಚ್ಚುಕಡಿಮೆ ಎಲ್ಲದರಲ್ಲೂ ಬ್ಯಾಕ್ಟೀರಿಯಾ ನ್ಯುಮೋನಿಯಾದ ಗುರುತುಗಳಿದ್ದವು. ಆ ಕಾಲದಲ್ಲಿ ಪೆನಿಸಿಲಿನ್ ಇನ್ನೂ ಬಂದಿರಲಿಲ್ಲ.

ವೈರಾಣು ತಾನೇ ನೇರವಾಗಿ ಶ್ವಾಸಕೋಶದ ಆಳಕ್ಕಿಳಿಯುವುದೂ ಉಂಟು. ಅಲ್ಲಿ ಕೋಟ್ಯಂತರ ಗಾಳಿಗೂಡುಗಳಿವೆ. ಅವನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು 70 ಚದರ ಮೀಟರು ಹರವಾದೀತು. ಉರಿಯೂತದಿಂದ ಗೂಡುಗಳಲ್ಲಿ ನೀರು ತುಂಬಿದರೆ ಆಮ್ಲಜನಕ ರಕ್ತಕ್ಕೆ ದಾಟುವುದಿಲ್ಲ. ಕೋವಿಡ್‌ನಲ್ಲಿ ಆದದ್ದು ಇದೇ. ವೈರಾಣುವಿನ ಹಾವಳಿಗಿಂತ, ಎರಡನೆಯ ವಾರದಲ್ಲಿ ಅದರ ಮೇಲೆ ಮೈಯ ರಕ್ಷಣಾ ವ್ಯವಸ್ಥೆ ಮಿತಿಮೀರಿ ಎರಗಿದ್ದರ ಹಾವಳಿ ದೊಡ್ಡದಾಗಿತ್ತು. 2020ರ ಜೂನ್‌ನಲ್ಲಿ ಪ್ರಕಟವಾದ ಬ್ರಿಟನ್ನಿನ ‘ರಿಕವರಿ’ ಪ್ರಯೋಗದ ಫಲಿತಾಂಶ ಇದಕ್ಕೆ ಸಾಕ್ಷಿ. ಡೆಕ್ಸಾಮೆಥಸೋನ್ ಎಂಬ ಅಗ್ಗದ ಸ್ಟೀರಾಯ್ಡ್ ವೆಂಟಿಲೇಟರ್‌ನಲ್ಲಿದ್ದವರ ಸಾವನ್ನು ಮೂರನೇ ಒಂದು ಪಾಲಿನಷ್ಟು ತಗ್ಗಿಸಿತು. ಆಮ್ಲಜನಕ ಬೇಡದ ರೋಗಿಗಳಿಗೆ ಅದರಿಂದ ಯಾವ ಲಾಭವೂ ಆಗಲಿಲ್ಲ. ಆದರೂ 2021ರ ಎರಡನೆಯ ಅಲೆಯಲ್ಲಿ ಜ್ವರದ ಮೊದಲ ದಿನವೇ ಸ್ಟೀರಾಯ್ಡ್ ನುಂಗಿದವರು ದೇಶದಲ್ಲಿ ಬಹಳ. ಅದಕ್ಕೆ ಹತೋಟಿ ತಪ್ಪಿದ ಸಕ್ಕರೆ ಕಾಯಿಲೆಯೂ ಜೊತೆಯಾದಾಗ ಕಪ್ಪು ಶಿಲೀಂಧ್ರ ಕಾಣಿಸಿಕೊಂಡಿತು. ಅದು ಹೆಚ್ಚಾಗಿ ಮೂಗು, ಕಣ್ಣುಗಳನ್ನು ಹಿಡಿದರೂ ಕೆಲವರಲ್ಲಿ ಶ್ವಾಸಕೋಶವನ್ನೂ ತಿಂದಿತು.

ಉಡುಪಿ ಜಿಲ್ಲೆಯ ಕುಂದಾಪುರ ಸೀಮೆಗೆ ಕೋವಿಡ್ ಮುಂಬೈಯ ದಾರಿಯಿಂದ ಬಂತು. 2020ರ ಮೇ ತಿಂಗಳಲ್ಲಿ ಅಲ್ಲಿನ ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿಯುತ್ತಿದ್ದ ಕುಂದಾಪುರ, ಬೈಂದೂರು ಕಡೆಯ ಸಾವಿರಾರು ಜನ ಊರಿಗೆ ಮರಳಿದರು. ಜೂನ್ ಮೊದಲ ವಾರಕ್ಕೆ ರಾಜ್ಯದಲ್ಲೇ ಅತಿ ಹೆಚ್ಚು ಪ್ರಕರಣಗಳಿದ್ದ ಜಿಲ್ಲೆ ಉಡುಪಿ. ಆ ಸುತ್ತಿನಲ್ಲಿ ಹೆಚ್ಚಿನವರಿಗೆ ರೋಗಲಕ್ಷಣವೇ ಇರಲಿಲ್ಲ. ಶ್ವಾಸಕೋಶದ ನಿಜವಾದ ಸಂಕಟ ಎಲ್ಲೆಡೆಯಂತೆ ಇಲ್ಲಿಯೂ ಮರುವರ್ಷದ ಎರಡನೆಯ ಅಲೆಯದು.

ತೀವ್ರ ನ್ಯುಮೋನಿಯಾದಿಂದ ಬದುಕಿ ಬಂದವರಲ್ಲಿ ಕೆಲವರಿಗೆ ಗಾಳಿಗೂಡಿನ ಗೋಡೆಗಳಲ್ಲಿ ಗಾಯದ ಕಲೆ ಉಳಿಯುತ್ತದೆ. ಗಾಯ ಮಾಗಿದ ಚರ್ಮದಂತೆ ಶ್ವಾಸಕೋಶದ ಆ ಭಾಗ ಗಡುಸಾಗಿ ಹಿಗ್ಗದಂತಾಗುತ್ತದೆ. ವೈದ್ಯರು ಇದನ್ನು ಫೈಬ್ರೋಸಿಸ್ ಎನ್ನುತ್ತಾರೆ. ಕೂತಲ್ಲಿ ಏನೂ ಅನಿಸದವರಿಗೆ ದರೆ ಹತ್ತುವಾಗ, ಬಾವಿಯಿಂದ ನೀರು ಸೇದುವಾಗ ದಮ್ಮು ಕಟ್ಟುತ್ತದೆ. ಎಕ್ಸ್‌ರೇ ಬಹುಮಟ್ಟಿಗೆ ಸರಿ ಕಾಣುವಾಗಲೂ ಹೀಗಾಗಬಹುದು. ವೆಲ್ಲೂರಿನ ಸಿಎಂಸಿ ಆಸ್ಪತ್ರೆಯವರು ಕೋವಿಡ್‌ನಿಂದ ಚೇತರಿಸಿಕೊಂಡ 207 ಮಂದಿಯನ್ನು ಪರೀಕ್ಷಿಸಿದಾಗ, ಆಮ್ಲಜನಕವನ್ನು ರಕ್ತಕ್ಕೆ ದಾಟಿಸುವ ಸಾಮರ್ಥ್ಯ ಶೇ. 44ರಷ್ಟು ಜನರಲ್ಲಿ ಕುಗ್ಗಿತ್ತು. ಸಮಾಧಾನದ ಸಂಗತಿಯೆಂದರೆ, ವೈರಾಣುವಿನಿಂದಾದ ಈ ಕಲೆ ಅನೇಕರಲ್ಲಿ ಆರು ತಿಂಗಳಿಂದ ಒಂದು ವರ್ಷದೊಳಗೆ ತಾನಾಗಿ ತಿಳಿಯಾಗುತ್ತ ಹೋಗುತ್ತದೆ. ಆರು ನಿಮಿಷ ನಡೆಸಿ ಆಮ್ಲಜನಕದ ಮಟ್ಟ ಇಳಿಯುತ್ತದೆಯೇ ಎಂದು ನೋಡುವ ಸರಳ ಪರೀಕ್ಷೆ, ಉಸಿರಾಟದ ವ್ಯಾಯಾಮ, ದಿನದಿನಕ್ಕೆ ಚೂರುಚೂರೇ ಹೆಚ್ಚಿಸುವ ನಡಿಗೆ ಚೇತರಿಕೆಗೆ ನೆರವಾಗುತ್ತವೆ. ಆಸ್ಪತ್ರೆಯಿಂದ ಬಂದವರನ್ನು ತಿಂಗಳುಗಟ್ಟಲೆ ಮಲಗಿಸಿಯೇ ಇಡುವ ಪ್ರೀತಿ ಅವರಿಗೆ ಒಳ್ಳೆಯದಲ್ಲ.

ಬೇರೆ ವೈರಾಣುಗಳೂ ಇವೆ. ದಡಾರದ ಮಕ್ಕಳ ಸಾವಿಗೆ ಮುಖ್ಯ ಕಾರಣ ನ್ಯುಮೋನಿಯಾ. ದೊಡ್ಡವರಿಗೆ, ಅದರಲ್ಲೂ ಗರ್ಭಿಣಿಯರಿಗೆ ಮತ್ತು ಬೀಡಿ ಸಿಗರೇಟು ಸೇದುವವರಿಗೆ ಚಿಕನ್ ಪಾಕ್ಸ್ ಬಂದರೆ ಶ್ವಾಸಕೋಶ ಹಿಡಿಯುವ ಭಯವಿದೆ. ಹಸುಗೂಸುಗಳ ಸಣ್ಣ ಶ್ವಾಸನಾಳಗಳನ್ನು ಕಟ್ಟಿಸುವ ಆರ್‌ಎಸ್‌ವಿ ಸೋಂಕಿನ ನಂತರ ಕೆಲವು ಮಕ್ಕಳಿಗೆ ವರ್ಷಗಟ್ಟಲೆ ಉಬ್ಬಸ ಮರುಕಳಿಸುತ್ತದೆ. 1957ರಲ್ಲಿ ಘಟ್ಟದ ಮೇಲಿನ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆಯಲ್ಲೂ ಕೆಲವು ರೋಗಿಗಳ ಶ್ವಾಸಕೋಶದಲ್ಲಿ ರಕ್ತಸ್ರಾವವಾಗುತ್ತದೆ.

ವಾರಾಹಿ ದಂಡೆಯ ಹಟ್ಟಿಯಂಗಡಿಯಂಥ ಕರಾವಳಿಯ ಊರುಗಳಲ್ಲಿ ಶ್ವಾಸಕೋಶದ ಈ ತೊಡಕುಗಳಿಗೆ ತಮ್ಮದೇ ಹಿನ್ನೆಲೆಯಿದೆ. ಮಳೆಗಾಲದಲ್ಲಿ ಬಾಗಿಲು ಮುಚ್ಚಿದ ಮನೆಗಳಲ್ಲಿ ಜ್ವರ ಒಬ್ಬರಿಂದೊಬ್ಬರಿಗೆ ಬೇಗ ಹಬ್ಬುತ್ತದೆ. ಬಚ್ಚಲ ಒಲೆಯ ಹಸಿ ಸೌದೆ ಹೊಗೆ, ಬೀಡಿ, ಹಂಚಿನ ಕಾರ್ಖಾನೆಯ ಧೂಳು ಮೊದಲೇ ಬಳಲಿಸಿದ ಶ್ವಾಸಕೋಶಕ್ಕೆ ಸಾಧಾರಣ ವೈರಾಣುವೂ ಭಾರವಾಗುತ್ತದೆ. ವೈರಾಣು ಜ್ವರದ ನಂತರ ಒಣಕೆಮ್ಮು ಮೂರರಿಂದ ಎಂಟು ವಾರ ಉಳಿಯುವುದು ಸಾಮಾನ್ಯ, ಅದಕ್ಕೆ ಆಂಟಿಬಯೋಟಿಕ್ ಬೇಕಿಲ್ಲ. ಆದರೆ ಎರಡು ವಾರ ದಾಟಿದ ಕೆಮ್ಮಿಗೆ ಕಫದ ಪರೀಕ್ಷೆ ಮಾಡಿಸಲೇಬೇಕು. ಕ್ಷಯ ರೋಗ ಎಷ್ಟೋ ಸಲ ಜ್ವರದ ಕೆಮ್ಮೆಂಬ ಹೆಸರಿನಲ್ಲೇ ಅಡಗಿರುತ್ತದೆ.

ತಡೆಗೆ ದಾರಿಗಳಿವೆ. ನ್ಯುಮೋಕಾಕಸ್ ಲಸಿಕೆ (ಪಿಸಿವಿ) ಈಗ ಸರಕಾರಿ ಲಸಿಕಾ ಪಟ್ಟಿಯಲ್ಲಿದ್ದು, ಮಗುವಿಗೆ 6 ವಾರ, 14 ವಾರ ಮತ್ತು 9 ತಿಂಗಳಿಗೆ ಪುಕ್ಕಟೆ ಸಿಗುತ್ತದೆ. ದಡಾರದ ಲಸಿಕೆಯೂ ಹಾಗೆಯೇ. ಹಿರಿಯರು, ಸಕ್ಕರೆ ಕಾಯಿಲೆ ಇಲ್ಲವೇ ಉಬ್ಬಸ ಇರುವವರು ವರ್ಷಕ್ಕೊಮ್ಮೆ ಇನ್‌ಫ್ಲುಯೆಂಜಾ ಲಸಿಕೆ ಹಾಕಿಸಿಕೊಳ್ಳುವ ಬಗ್ಗೆ ವೈದ್ಯರನ್ನು ಕೇಳುವುದು ಒಳ್ಳೆಯದು.

ಜ್ವರದ ಮನೆಯಲ್ಲಿ ಥರ್ಮಾಮೀಟರಿನಷ್ಟೇ ಉಸಿರಿನ ಮೇಲೂ ಕಣ್ಣಿರಲಿ. ಒಂದು ವರ್ಷ ತುಂಬಿದ ಮಗು ನಿಮಿಷಕ್ಕೆ 40 ಸಲ, ಅದಕ್ಕಿಂತ ಚಿಕ್ಕದು 50 ಸಲ, ಎರಡು ತಿಂಗಳೊಳಗಿನ ಕೂಸು 60 ಸಲ ಅಥವಾ ಅದಕ್ಕಿಂತ ಹೆಚ್ಚು ಉಸಿರಾಡುತ್ತಿದ್ದರೆ, ಉಸಿರೆಳೆದಾಗ ಎದೆಗೂಡು ಒಳಸೇದುತ್ತಿದ್ದರೆ, ದೊಡ್ಡವರ ಆಮ್ಲಜನಕದ ಮಟ್ಟ 94ಕ್ಕಿಂತ ಕೆಳಗಿಳಿದರೆ, ಮಾತಿನ ನಡುವೆ ಉಸಿರು ಕಟ್ಟಿದರೆ, ಬಿಟ್ಟ ಜ್ವರ ಮರಳಿ ಬಂದರೆ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಕರೆ ಮಾಡಿ, ಹತ್ತಿರದ ಸರಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ.