ಒಂದೇ ಬೀಡಿ ತಾನೇ ಎನ್ನಬೇಡಿ

ಆತ್ಮೀಯ ಹಾಲು ಉತ್ಪಾದಕ ಅಕ್ಕ-ತಂಗಿಯರೇ,

ನಡುರಾತ್ರಿ ಕಷ್ಟದ ಕರು ಹಾಕಿಸಿ ಕೈ ತೊಳೆದು ಕುಳಿತಾಗ ನೀವು ಕಾಫಿ ಕೊಡುತ್ತೀರಿ, ಯಜಮಾನರು ಬೀಡಿ ಕಟ್ಟು ಮುಂದೆ ಹಿಡಿಯುತ್ತಾರೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಬೇಡವೆನ್ನದೆ ಒಂದು ಸೇದುತ್ತಿದ್ದೆ. ದುಡ್ಡು ಕೊಟ್ಟು ಕೊಂಡವನಲ್ಲ, ಜೇಬಿನಲ್ಲಿ ಇಟ್ಟುಕೊಂಡವನಲ್ಲ. ಆದ್ದರಿಂದ ನನಗೆ ಚಟವಿಲ್ಲ ಎಂದೇ ನಂಬಿದ್ದೆ. ಒಮ್ಮೆ ಹೀಗೆ ಸೇದುತ್ತಿದ್ದಾಗ ಆ ಮನೆಯ ಅಕ್ಕ, "ಡಾಕ್ಟ್ರೇ, ಇವರಿಗೆ ಹೃದಯಾಘಾತ ಆಗಿ ಮೂರು ತಿಂಗಳಾಯ್ತು. ನೀವೇ ಜೊತೆಗೆ ಕೂತು ಸೇದಿದ್ರೆ ನಾನು ಬಿಡಿ ಅಂತ ಹೇಗೆ ಹೇಳ್ಲಿ?" ಎಂದರು. ಅದೇ ನನ್ನ ಕೊನೆಯ ಬೀಡಿ.

ಕಾಣದ ಕೆಚ್ಚಲು ಬಾವಿನಂತೆ

ಗುಪ್ತ ಕೆಚ್ಚಲು ಬಾವು ನಿಮಗೆ ಗೊತ್ತು. ಕೆಚ್ಚಲು ಊದಿರುವುದಿಲ್ಲ, ಹಾಲು ನೋಡಲು ಚೆನ್ನಾಗಿಯೇ ಇರುತ್ತದೆ. ಸಿಎಂಟಿ ದ್ರಾವಣ ಬೆರೆಸಿದಾಗ ಮಾತ್ರ ಲೋಳೆಗಟ್ಟುತ್ತದೆ. ಅಪರೂಪಕ್ಕೆ ಸೇದುವವರ ಸ್ಥಿತಿಯೂ ಹೀಗೆಯೇ. ಕೆಮ್ಮಿಲ್ಲ, ದಮ್ಮಿಲ್ಲ. ಆದರೆ ಪ್ರತಿ ಸಲ ಸೇದಿದಾಗಲೂ ರಕ್ತನಾಳಗಳು ಬಿಗಿಯುತ್ತವೆ, ರಕ್ತ ಹೆಪ್ಪುಗಟ್ಟುವ ಗುಣ ಹೆಚ್ಚುತ್ತದೆ, ಹೃದಯದ ಬಡಿತ ಏರುತ್ತದೆ.

ದಿನಕ್ಕೆ 20 ಸಿಗರೇಟಿನ ಬದಲು 1 ಸೇದಿದರೆ ಅಪಾಯವೂ ಇಪ್ಪತ್ತರಲ್ಲಿ ಒಂದು ಪಾಲಾಗಬೇಕಲ್ಲವೇ? ಹಾಗಾಗುವುದಿಲ್ಲ. 2018ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ದಿನಕ್ಕೆ ಒಂದೇ ಸೇದುವವರಿಗೂ ಹೃದಯದ ಕಾಯಿಲೆಯ ಹೆಚ್ಚುವರಿ ಅಪಾಯ 20 ಸೇದುವವರಿಗಿರುವುದರ ಸುಮಾರು ಅರ್ಧದಷ್ಟಿದೆ. ಬೀಡಿ ಚಿಕ್ಕದು, ಎಲೆಯದ್ದು ಎಂಬ ಸಮಾಧಾನವೂ ಬೇಡ. ಆರಿಹೋಗದಂತೆ ಅದನ್ನು ಮತ್ತೆ ಮತ್ತೆ ಜೋರಾಗಿ ಎಳೆಯಬೇಕಾಗುತ್ತದೆ.

ನಾವು ಸೇದುವುದಿಲ್ಲವಲ್ಲ?

ನಿಮ್ಮಲ್ಲಿ ಹೆಚ್ಚಿನವರು ಸೇದುವುದಿಲ್ಲ. ಆದರೆ ಪಕ್ಕದಲ್ಲಿ ಬಿಟ್ಟ ಹೊಗೆ ನಿಮ್ಮ ಎದೆಗೂ ಹೋಗುತ್ತದೆ. ಗರ್ಭಿಣಿಯರಿಗೆ ಕಡಿಮೆ ತೂಕದ ಮಗು ಹುಟ್ಟಬಹುದು, ಮಕ್ಕಳಿಗೆ ಉಬ್ಬಸ, ನ್ಯುಮೋನಿಯಾ ಹೆಚ್ಚುತ್ತದೆ. ಕೊಟ್ಟಿಗೆಯಲ್ಲಾದರೆ ಒಣಹುಲ್ಲಿಗೆ ಒಂದು ಕಿಡಿ ಸಾಕು.

ಮದುವೆ, ಜಾತ್ರೆ, ಕಳೆ ಕೀಳುವ ಹೊತ್ತಿನಲ್ಲಿ ಎಲೆ-ಅಡಿಕೆ ಜೊತೆ ಹಾಕಿಕೊಳ್ಳುವ ಚೂರು ಹೊಗೆಸೊಪ್ಪು, ಕಡ್ಡಿಪುಡಿಯೂ ತಂಬಾಕೇ. ಇದರಿಂದ ಬಾಯಿ ಕ್ಯಾನ್ಸರ್ ಬರುತ್ತದೆ. ಅಡಿಕೆಯೂ ಕ್ಯಾನ್ಸರ್‌ಕಾರಕವೇ. ಬಾಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ ಕಂಡರೆ, ಹುಣ್ಣು ಎರಡು ವಾರವಾದರೂ ಮಾಯದಿದ್ದರೆ, ಬಾಯಿ ಪೂರ್ತಿ ತೆರೆಯಲು ಆಗದಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ.

ಇಂದೇ ಮಾಡಬಹುದಾದದ್ದು

• ಮನೆ, ಕೊಟ್ಟಿಗೆಯೊಳಗೆ ಬೀಡಿ-ಸಿಗರೇಟು ಬೇಡವೆಂದು ನಿಯಮ ಮಾಡಿ. ಡಾಕ್ಟರು ಬಂದರೂ ಅದೇ ನಿಯಮ.

• ನೆಂಟರಿಗೆ ಕೊಡುವ ತಾಂಬೂಲದ ತಟ್ಟೆಯಲ್ಲಿ ಹೊಗೆಸೊಪ್ಪಿನ ಜಾಗಕ್ಕೆ ಏಲಕ್ಕಿ, ಲವಂಗ, ಸೋಂಪು ಇಡಿ.

• ಬೀಡಿ ತರಲು ಮಕ್ಕಳನ್ನು ಅಂಗಡಿಗೆ ಕಳಿಸಬೇಡಿ.

• ಬಿಡಲು ಕಷ್ಟವಾದರೆ ಉಚಿತ ಸಹಾಯವಾಣಿ 1800-112-356ಕ್ಕೆ ಕರೆ ಮಾಡಿ.

ಬಿಟ್ಟ 20 ನಿಮಿಷದಲ್ಲೇ ಹೃದಯದ ಬಡಿತ ಇಳಿಯತೊಡಗುತ್ತದೆ. ಒಂದು ವರ್ಷಕ್ಕೆ ಹೃದಯದ ಕಾಯಿಲೆಯ ಹೆಚ್ಚುವರಿ ಅಪಾಯ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಅಪರೂಪಕ್ಕೆ ಸೇದುವವರಿಗೆ ಬಿಡುವುದು ಇನ್ನೂ ಸುಲಭ. ಚಟ ಬಲಿಯುವ ಮೊದಲೇ ಹೇಳಿ. ಆ ಅಕ್ಕ ಹೇಳಿದ್ದರಿಂದಲೇ ನಾನು ಬಿಟ್ಟೆ.

– ನಿಮ್ಮ ಒಕ್ಕೂಟದ ಪಶುವೈದ್ಯಾಧಿಕಾರಿ