ರಾಸು ಇರುವ ಜಾಗ, ಫೋನು ತೋರಿಸುವ ಜಾಗ



ಕಳೆದ ಮಳೆಗಾಲದ ಒಂದು ರಾತ್ರಿ ಹೊಟ್ಟೆಯುಬ್ಬರವಾಗಿದ್ದ ಹಸುವನ್ನು ನೋಡಲು ಹೊರಟಿದ್ದೆ. ಸದಸ್ಯರು ವಾಟ್ಸಾಪ್‌ನಲ್ಲಿ ‘ಲೊಕೇಶನ್’ ಕಳುಹಿಸಿದ್ದರು. ಅದನ್ನು ನಂಬಿ ಹೋದರೆ ಜೀಪು ಬಂದು ನಿಂತದ್ದು ಸಂತೆ ಮೈದಾನದಲ್ಲಿ! ಅವರು ಅಂದು ಸಂಜೆ ಸಂತೆಗೆ ಹೋಗಿ ಬಂದಿದ್ದರು. ತಗಡಿನ ಮಾಡಿನ ಕೊಟ್ಟಿಗೆಯೊಳಗೆ ನಿಂತು ಒತ್ತಿದಾಗ ಫೋನು ಹೊಸ ಜಾಗವನ್ನು ಹಿಡಿಯಲಾರದೆ ಹಳೆಯದನ್ನೇ ಕಳುಹಿಸಿತ್ತು. ತೋಟದ ಮನೆ ಸೇರಲು ಇನ್ನೂ ಮುಕ್ಕಾಲು ಗಂಟೆ ಹಿಡಿಯಿತು. ಹಸು ಉಳಿಯಿತು. ಆದರೆ ಉಬ್ಬರ ತೀವ್ರವಾಗಿದ್ದರೆ ಅಷ್ಟು ಹೊತ್ತು ರಾಸು ತಾಳುವುದಿಲ್ಲ.

ಫೋನಿಗೆ ತಾನಿರುವ ಜಾಗ ಸದಾ ಗೊತ್ತಿರುತ್ತದೆ ಎಂದು ನಾವು ತಿಳಿದಿದ್ದೇವೆ. ಹಾಗೇನೂ ಇಲ್ಲ. ನೆಟ್‌ವರ್ಕಿಗೆ ಮುಖ್ಯವಾಗಿ ಗೊತ್ತಿರುವುದು ನಿಮ್ಮ ಫೋನು ಯಾವ ಟವರಿಗೆ ಸೇರಿದೆ ಎಂಬುದು. ಪಟ್ಟಣದಲ್ಲಿ ಟವರುಗಳು ಒತ್ತಾಗಿರುತ್ತವೆ. ಹಳ್ಳಿಯ ಕಡೆ ಒಂದೇ ಟವರು ಹಲವು ಕಿಲೋಮೀಟರ್ ಸುತ್ತಳತೆಯನ್ನು ನೋಡಿಕೊಳ್ಳುತ್ತದೆ. ಬಲ್ಕ್ ಮಿಲ್ಕ್ ಕೂಲರಿಗೆ ಅಳವಡಿಸುವ, ಸಿಮ್ ಇರುವ ಉಷ್ಣತಾ ಸಾಧನದ ಕಥೆ ಇನ್ನೂ ವಿಚಿತ್ರ. ಅದರ ಇಂಟರ್ನೆಟ್ ವಿಳಾಸವನ್ನು ಹುಡುಕಿದರೆ ಅದು ಬೆಂಗಳೂರಿನಲ್ಲಿದೆ ಎಂದು ಕಾಣಬಹುದು. ಮೊಬೈಲ್ ಕಂಪನಿಯ ಜಾಲ ಇಂಟರ್ನೆಟ್ಟಿಗೆ ಸೇರುವ ಊರನ್ನು ಆ ವಿಳಾಸ ಹೇಳುತ್ತದೆಯೇ ಹೊರತು ನಿಮ್ಮ ಸಂಘದ ಊರನ್ನಲ್ಲ. ಆದ್ದರಿಂದ ಅಂಥ ಸಾಧನದ ಜಾಗವನ್ನು ಮನುಷ್ಯರೇ ಬರೆದಿಡಬೇಕು. ಕೂಲರನ್ನು ಹೊಸ ಕಟ್ಟಡಕ್ಕೆ ಸಾಗಿಸಿದ ದಿನ ತಿದ್ದಲೂಬೇಕು.

ನಿಖರವಾದ ಜಾಗ ಸಿಗುವುದು ಉಪಗ್ರಹಗಳಿಂದ. ಸುಮಾರು 20,000 ಕಿಲೋಮೀಟರ್ ಎತ್ತರದಿಂದ ಬರುವ ಆ ಸಂಕೇತ ಬಹಳ ಕ್ಷೀಣ. ಕನಿಷ್ಠ 4 ಉಪಗ್ರಹಗಳಾದರೂ ಸಿಗಬೇಕು. ಬಯಲಿನಲ್ಲಿ ನಿಂತರೆ ಸುಮಾರು 5 ಮೀಟರ್ ಆಚೀಚೆಯಲ್ಲಿ ಜಾಗ ತಿಳಿಯುತ್ತದೆ. ತಗಡಿನ ಕೆಳಗೆ ಅಥವಾ ದಟ್ಟ ಅಡಿಕೆ ತೋಟದಲ್ಲಿ ಈ ಭರವಸೆ ಬೇಡ.

ಸರಿಯಾಗಿ ಸಿಕ್ಕ ಅಂಕಿಯನ್ನು ಬರೆಯುವಾಗಲೂ ತಪ್ಪುತ್ತೇವೆ. 13 ಡಿಗ್ರಿ 30 ಮಿನಿಟು ಅಕ್ಷಾಂಶವೆಂದರೆ 13.30 ಅಲ್ಲ, 13.50. ಒಂದು ಡಿಗ್ರಿಗೆ 60 ಮಿನಿಟು ಎಂಬುದನ್ನು ಮರೆತರೆ ವಾಹನ 22 ಕಿಲೋಮೀಟರ್ ದೂರ ಹೋದೀತು. ದಶಾಂಶದಲ್ಲಿ ಬರೆಯುವಾಗ ಚುಕ್ಕಿಯ ನಂತರ ಎರಡೇ ಅಂಕಿ ಇದ್ದರೆ ಒಂದು ಕಿಲೋಮೀಟರ್ ಅಳತೆಯ ಗುರುತಾಯಿತು. ನಾಲ್ಕು ಅಂಕಿ ಬರೆದರೆ ಸುಮಾರು 11 ಮೀಟರ್.

ಇನ್ನು ಎತ್ತರ. ಮಲೆನಾಡಿನ ಸದಸ್ಯರಿಗೆ ಇದರ ಕಷ್ಟ ಗೊತ್ತು. ನಕ್ಷೆಯಲ್ಲಿ ಎರಡು ಮನೆಗಳು ಅಕ್ಕಪಕ್ಕ ಕಾಣುತ್ತವೆ, ಆದರೆ ಒಂದು ಗುಡ್ಡದ ನೆತ್ತಿಯಲ್ಲಿ, ಇನ್ನೊಂದು ಹಳ್ಳದ ಬದಿಯಲ್ಲಿ; ರಸ್ತೆಯೇ ಬೇರೆ ಬೇರೆ. ಫೋನಿನ ಎತ್ತರದ ಲೆಕ್ಕವನ್ನು ಇಲ್ಲಿ ನಂಬುವಂತಿಲ್ಲ. ಉಪಗ್ರಹಗಳೆಲ್ಲ ನಮ್ಮ ತಲೆಯ ಮೇಲೆಯೇ ಇರುವುದರಿಂದ, ಅಡಿಯಿಂದ ಅಳೆಯಲು ಒಂದೂ ಇಲ್ಲದ್ದರಿಂದ, ಎತ್ತರದ ತಪ್ಪು ಜಾಗದ ತಪ್ಪಿಗಿಂತ ದೊಡ್ಡದು. ಜೊತೆಗೆ, ಉಪಗ್ರಹದ ಲೆಕ್ಕ ಭೂಮಿಗೆ ಒಂದು ನುಣುಪಾದ ಕಲ್ಪಿತ ಮೈಯನ್ನು ಇಟ್ಟುಕೊಂಡಿದೆ. ಬೆಂಗಳೂರಿನ ಸುತ್ತ ನಿಜವಾದ ಸಮುದ್ರಮಟ್ಟ ಅದಕ್ಕಿಂತ ಸುಮಾರು 85 ಮೀಟರ್ ಕೆಳಗಿದೆ. ತಿದ್ದುಪಡಿ ಮಾಡದ ಆ್ಯಪ್ 920 ಮೀಟರ್ ಎತ್ತರದ ಜಾಗವನ್ನು 835 ಎಂದು ತೋರಿಸುತ್ತದೆ. ಆದ್ದರಿಂದ ಎತ್ತರವನ್ನು ಬಾಯಲ್ಲೇ ಹೇಳಿ: “ಗುಡ್ಡದ ಮೇಲಿನ ಮನೆ, ದೇವಸ್ಥಾನದ ಹಿಂದಿನ ಏರು ದಾರಿ.”

ರಾಸು ಆರೋಗ್ಯವಾಗಿರುವಾಗಲೇ ಒಂದು ಹಗಲು ಕೊಟ್ಟಿಗೆಯ ಹೊರಗೆ, ಆಕಾಶ ಕಾಣುವ ಜಾಗದಲ್ಲಿ ಎರಡು ನಿಮಿಷ ನಿಲ್ಲಿ. ನಕ್ಷೆಯ ನೀಲಿ ವೃತ್ತ ಚಿಕ್ಕದಾದ ಮೇಲೆ ಅಂಕಿಯನ್ನು ಬರೆದುಕೊಂಡು ಕೊಟ್ಟಿಗೆಯ ಬಾಗಿಲಿಗೆ ಅಂಟಿಸಿ. 1962ಕ್ಕೆ ಕರೆ ಮಾಡುವಾಗಲೂ, ವೈದ್ಯರಿಗೆ ತಿಳಿಸುವಾಗಲೂ ಅದನ್ನೂ ದಾರಿಯ ಗುರುತನ್ನೂ ಹೇಳಿ. ಉಬ್ಬರವಾದ ಹಸುವಾದರೆ ನಾವು ಬರುವವರೆಗೆ ಮೇವು ಹಾಕದೆ, ಮುಂಗಾಲು ಎತ್ತರದಲ್ಲಿರುವಂತೆ ನಿಲ್ಲಿಸಿರಿ.

ಸಂಘದ ಕಾರ್ಯದರ್ಶಿಗಳಲ್ಲಿ ಒಂದು ಮನವಿ: ಸದಸ್ಯರ ಅಂಕಿಗಳನ್ನು ರಿಜಿಸ್ಟರಿನಲ್ಲಿ ಬರೆಯುವಾಗ ಆಯಾ ಕೊಟ್ಟಿಗೆಯದನ್ನೇ ಬರೆಯಿರಿ. ಸಂಘದ ಕಟ್ಟಡದ ಅಂಕಿಯನ್ನೇ ಎಲ್ಲ ಹೆಸರುಗಳ ಮುಂದೆ ಇಳಿಸಿದ ಪಟ್ಟಿಯನ್ನೂ ನಾನು ನೋಡಿದ್ದೇನೆ.