ಸೌಧ ಎದ್ದರೆ ಸಾಕೇ?

ಪೇಟೆಯಲ್ಲಿ ಹೊಸ ಸರಕಾರಿ ಕಟ್ಟಡ ಎದ್ದಾಗ ಎಷ್ಟು ಕೋಟಿ ಖರ್ಚಾಯಿತು, ಯಾರು ಉದ್ಘಾಟಿಸಿದರು ಎಂಬುದು ಸುದ್ದಿಯಾಗುತ್ತದೆ. ಗುತ್ತಿಗೆ ಯಾರಿಗೆ ಸಿಕ್ಕಿತು ಎಂಬುದು ಚಹಾ ಅಂಗಡಿಯ ಚರ್ಚೆಯಾಗುತ್ತದೆ. ಆದರೆ ಪಡಿತರ ಚೀಟಿಯ ತಿದ್ದುಪಡಿಗೋ, ಮಕ್ಕಳ ವಿದ್ಯಾರ್ಥಿ ವೇತನಕ್ಕೆ ಬೇಕಾದ ಆದಾಯ ಪ್ರಮಾಣ ಪತ್ರಕ್ಕೋ, ವಿಧವಾ ವೇತನಕ್ಕೋ ಆ ಕಟ್ಟಡದ ಮೆಟ್ಟಿಲು ಹತ್ತುವವರಲ್ಲಿ ನಮ್ಮ ತಾಯಂದಿರು, ಸಹೋದರಿಯರು ಎಷ್ಟೋ ಮಂದಿ ಇದ್ದಾರೆ. ಗಂಡಸರು ಗಲ್ಫಿನಲ್ಲಿ ದುಡಿಯುತ್ತಿರುವ ಮನೆಗಳಲ್ಲಂತೂ ಕಚೇರಿಯ ಓಡಾಟವೆಲ್ಲ ಹೆಂಗಸರ ಪಾಲಿಗೇ ಬರುತ್ತದೆ. ಆ ಕಟ್ಟಡ ಎಲ್ಲಿರಬೇಕು, ಹೇಗಿರಬೇಕು ಎಂದು ಅವರನ್ನು ಕೇಳಿದವರು ಯಾರು?

ಹೆಸರು ಬದಲಾದ ಸೌಧಗಳು

ಬೆಂಗಳೂರಿನ ವಿಧಾನಸೌಧಕ್ಕೆ 1951ರಲ್ಲಿ ಜವಾಹರಲಾಲ್ ನೆಹರೂ ಶಿಲಾನ್ಯಾಸ ಮಾಡಿದರು. ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರ ಕನಸಿನಂತೆ ಅದು 1956ರಲ್ಲಿ ಪೂರ್ಣಗೊಂಡಿತು. ಸರಕಾರದ ಕೆಲಸ ದೇವರ ಕೆಲಸ ಎಂಬ ಮಾತನ್ನು ಅದರ ಹಣೆಯ ಮೇಲೆ ಕೆತ್ತಲಾಯಿತು. ಮುಂದೆ ತಾಲೂಕು ಕೇಂದ್ರಗಳಲ್ಲಿ ಅದೇ ಹೆಸರಿನ ಪುಟ್ಟ ಸೌಧಗಳು ಎದ್ದವು. ಅವನ್ನು ಮಿನಿ ವಿಧಾನಸೌಧ ಎಂದರು, ಬಳಿಕ ಆಡಳಿತ ಸೌಧ ಎಂದರು, ಈಗ ಪ್ರಜಾಸೌಧ ಎನ್ನುತ್ತಾರೆ. ಪೇಟೆಯ ಅಲ್ಲಲ್ಲಿ ಹರಡಿಕೊಂಡಿದ್ದ ಇಲಾಖೆಗಳನ್ನು ಒಂದೇ ಸೂರಿನಡಿ ತರುವುದು ಇವುಗಳ ಉದ್ದೇಶ. ಇದು ಒಳ್ಳೆಯದೇ. ಒಂದು ಕಚೇರಿಯಿಂದ ಇನ್ನೊಂದು ಕಚೇರಿಗೆ ಬಿಸಿಲಲ್ಲಿ ನಡೆದವರಿಗೆ ಇದರ ಬೆಲೆ ಗೊತ್ತು.

ಬಂಟ್ವಾಳವನ್ನೇ ನೋಡಿ. ಹಳೆಯ ಪೇಟೆ ನೇತ್ರಾವತಿಯ ದಡದಲ್ಲಿದೆ. 1974ರ ನೆರೆಯನ್ನು ಹಿರಿಯರು ಇಂದಿಗೂ ಮರೆತಿಲ್ಲ. ಕಾಲಕ್ರಮೇಣ ವ್ಯವಹಾರವೆಲ್ಲ ಹೆದ್ದಾರಿಯ ಬದಿಯ ಬಿ.ಸಿ.ರೋಡಿಗೆ ಸರಿಯಿತು. ಅಲ್ಲಿಯೇ ಮಿನಿ ವಿಧಾನಸೌಧ 2017ರಲ್ಲಿ ಉದ್ಘಾಟನೆಯಾಯಿತು. ಬಸ್ಸು, ರೈಲು, ಅಂಗಡಿ, ಕಚೇರಿ ಎಲ್ಲವೂ ಹತ್ತಿರ ಹತ್ತಿರ. ಬೆಳ್ತಂಗಡಿ ತಾಲೂಕಿನಲ್ಲಿ 81 ಗ್ರಾಮಗಳಿವೆ. ಘಟ್ಟದ ಬುಡದ ಊರುಗಳಿಂದ ಬರುವವರಿಗೆ ತಾಲೂಕು ಕಚೇರಿಯ ಒಂದು ಕೆಲಸವೆಂದರೆ ಒಂದು ದಿನವೇ ಹೋಯಿತು. ಮೂಡುಬಿದಿರೆ ಹಿಂದೆ ಮಂಗಳೂರು ತಾಲೂಕಿಗೆ ಸೇರಿತ್ತು. 2018ರಲ್ಲಿ ಅದೇ ತಾಲೂಕಾದ ಮೇಲೆ, ಸುಮಾರು 35 ಕಿಲೋಮೀಟರ್ ದೂರದ ಮಂಗಳೂರಿಗೆ ಹೋಗಬೇಕಿದ್ದ ಎಷ್ಟೋ ಕೆಲಸಗಳು ಊರಿನ ಆಡಳಿತ ಸೌಧದಲ್ಲೇ ಆಗುವಂತಾಯಿತು. ಕಚೇರಿ ಹತ್ತಿರ ಬಂದರೆ ಬಡವರ ಒಂದು ದಿನದ ಕೂಲಿ ಉಳಿಯುತ್ತದೆ.

ಪೇಟೆಯಿಂದ ಪಡೀಲಿಗೆ

ಇನ್ನು ಜಿಲ್ಲಾ ಕೇಂದ್ರದ ವಿಷಯ. ಮಂಗಳೂರಿನ ಜಿಲ್ಲಾಧಿಕಾರಿ ಕಚೇರಿ ಬ್ರಿಟಿಷರ ಕಾಲದಿಂದಲೂ ಪೇಟೆಯ ಹೃದಯಭಾಗದಲ್ಲಿತ್ತು. ಸುಮಾರು 75 ಕೋಟಿ ರೂಪಾಯಿಯಲ್ಲಿ ಪಡೀಲಿನಲ್ಲಿ ನಿರ್ಮಾಣವಾದ ಜಿಲ್ಲಾ ಪ್ರಜಾಸೌಧವನ್ನು 2025ರ ಮೇ 16ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಉದ್ಘಾಟಿಸಿದರು. ಪೇಟೆಯೊಳಗೆ ಜಾಗವಿಲ್ಲ, ವಾಹನ ನಿಲ್ಲಿಸಲು ಸ್ಥಳವಿಲ್ಲ, ರಸ್ತೆ ತುಂಬ ದಟ್ಟಣೆ. ಹೊರವಲಯಕ್ಕೆ ಹೋಗಲು ಇಂತಹ ಕಾರಣಗಳಿರುತ್ತವೆ. ಅವು ಸುಳ್ಳಲ್ಲ.

ಆದರೆ ನಮ್ಮ ಹೆಂಗಸರ ಲೆಕ್ಕವೇ ಬೇರೆ. ಸ್ಟೇಟ್‌ಬ್ಯಾಂಕಿನಲ್ಲಿ ಬಸ್ಸಿಳಿದರೆ ಕಚೇರಿಯ ಕೆಲಸ ಮುಗಿಸಿ, ಲೇಡಿಗೋಶನ್‌ನಲ್ಲೋ ವೆನ್ಲಾಕ್‌ನಲ್ಲೋ ಮಲಗಿರುವ ಸಂಬಂಧಿಕರನ್ನು ಕಂಡು, ಮನೆಗೆ ಬೇಕಾದ ಸಾಮಾನು ಹಿಡಿದು ಸಂಜೆಯೊಳಗೆ ಊರು ಸೇರಬಹುದಿತ್ತು. ಒಂದೇ ಪ್ರಯಾಣದಲ್ಲಿ ಮೂರು ಕೆಲಸ. ಕಚೇರಿ ದೂರವಾದಾಗ ಆ ಒಂದು ಪ್ರಯಾಣ ಎರಡಾಗುತ್ತದೆ. ಬಂಟ್ವಾಳ, ಬೆಳ್ತಂಗಡಿಯವರಿಗೆ ಪಡೀಲು ದಾರಿಯಲ್ಲೇ ಸಿಗುವುದರಿಂದ ಅನುಕೂಲವೇ ಆಯಿತು ಎನ್ನಬಹುದು. ಕುಲಶೇಖರದ ಮೂಲಕ ಬರುವ ಮೂಡುಬಿದಿರೆಯವರು ಮಾತ್ರ ನಡುವೆ ಇಳಿದು ಇನ್ನೊಂದು ಬಸ್ಸನ್ನೋ ರಿಕ್ಷಾವನ್ನೋ ಹಿಡಿಯಬೇಕು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಮಹಿಳೆಯರಿಗೆ ಸರಕಾರಿ ಬಸ್ಸು ಉಚಿತವಾದರೂ ನಮ್ಮ ಜಿಲ್ಲೆಯಲ್ಲಿ ಖಾಸಗಿ ಬಸ್ಸುಗಳದ್ದೇ ದರ್ಬಾರು. ಅಲ್ಲಿ ಟಿಕೆಟಿಗೆ ದುಡ್ಡು ಕೊಡಲೇಬೇಕು. ಆದ್ದರಿಂದ ಕೋಟಿಗಟ್ಟಲೆ ವೆಚ್ಚದ ಯೋಜನೆ ಬರೆಯುವಾಗ ಅದರೊಳಗೆ ಬಸ್ಸಿನ ವ್ಯವಸ್ಥೆಯೂ ಸೇರಿರಬೇಕು. ಕಟ್ಟಡ ಮೊದಲು, ಬಸ್ಸು ಆಮೇಲೆ ಎಂದರೆ ನಡುವಿನ ಕಷ್ಟವೆಲ್ಲ ವಾಹನವಿಲ್ಲದವರ ಪಾಲಾಗುತ್ತದೆ.

ಒಳಗೆ ಏನಿದೆ?

ಎದುರಿನ ಕಂಬ, ಗಾಜು, ಹೂದೋಟ ನೋಡಲು ಚೆಂದ. ಒಳಹೊಕ್ಕು ನೋಡಬೇಕಾದುದು ಬೇರೆಯೇ ಇದೆ. ಕಾಯುವವರಿಗೆ ಸಾಕಷ್ಟು ಕುರ್ಚಿಗಳಿವೆಯೇ? ಮಹಿಳೆಯರ ಶೌಚಾಲಯಕ್ಕೆ ಬೀಗ ಬಿದ್ದಿಲ್ಲವೇ? ನೀರು ಬರುತ್ತದೆಯೇ? ಮಗುವಿಗೆ ಹಾಲುಣಿಸಲು ಮರೆಯಿರುವ ಒಂದು ಕೋಣೆ ಇದೆಯೇ? ಮಂಡಿನೋವಿನ ಅಜ್ಜಿಗೆ ಬೇಕಾದ ಕಚೇರಿ ನೆಲ ಅಂತಸ್ತಿನಲ್ಲಿದೆಯೋ, ಎರಡನೇ ಮಹಡಿಯಲ್ಲಿದೆಯೋ? ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ ಪ್ರಕಾರ ಸಾರ್ವಜನಿಕ ಕಟ್ಟಡಗಳು ಅಂಗವಿಕಲರೂ ಸುಲಭವಾಗಿ ಬಳಸುವಂತಿರಬೇಕು. ಇಳಿಜಾರು ದಾರಿ, ಲಿಫ್ಟ್ ಯಾರ ಔದಾರ್ಯವೂ ಅಲ್ಲ, ಅದು ಹಕ್ಕು.

ಕಟ್ಟಡ ಹೊಸದಾಗಿ ಕಡತ ಮಾತ್ರ ಹಳೆಯ ವೇಗದಲ್ಲೇ ತೆವಳಿದರೂ ಪ್ರಯೋಜನವಿಲ್ಲ. 2011ರ ಸಕಾಲ ಕಾಯ್ದೆಯಂತೆ ನಿಗದಿತ ಸೇವೆಗಳನ್ನು ಗೊತ್ತುಪಡಿಸಿದ ದಿನದೊಳಗೆ ಕೊಡಬೇಕು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ಕೇಳುವ ಅವಕಾಶವೂ ಇದೆ. ಅರ್ಜಿ ಕೊಟ್ಟಾಗ ಸಿಗುವ ಸಕಾಲದ ಸ್ವೀಕೃತಿ ಚೀಟಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿ.

ನಾವೇನು ಮಾಡಬಹುದು?

ಸಹೋದರಿಯರೇ, ಸರಕಾರದ ಖಜಾನೆಯೆಂದರೆ ನಾವು ಕೊಳ್ಳುವ ಸಾಬೂನು, ಬಟ್ಟೆಯ ತೆರಿಗೆಯಿಂದಲೂ ತುಂಬಿದ ಅಮಾನತು. ಅದರ ಲೆಕ್ಕ ಕೇಳುವುದು ಜಗಳವಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕ ಕೊಟ್ಟು ಯಾವುದೇ ಸರಕಾರಿ ಕಟ್ಟಡದ ಅಂದಾಜು ವೆಚ್ಚ, ನಕ್ಷೆ, ಗುತ್ತಿಗೆಯ ವಿವರ ಕೇಳಬಹುದು. ಸಾಮಾನ್ಯವಾಗಿ 30 ದಿನದೊಳಗೆ ಉತ್ತರ ಬರಬೇಕು. ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕವೂ ಇಲ್ಲ.

ಪುರಸಭೆಯ ಬಜೆಟ್ ಪೂರ್ವಭಾವಿ ಸಭೆಗೆ, ಗ್ರಾಮಸಭೆಗೆ ಹೋಗಿ ನಾಲ್ಕು ಮಾತು ಹೇಳಿ. ನಮ್ಮ ರಾಜ್ಯದ ಪಂಚಾಯತ್‌ಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲಿದೆ. ನಿಮ್ಮ ವಾರ್ಡಿನ ಸದಸ್ಯೆಗೆ ನಿಮ್ಮ ಕಷ್ಟ ಬೇಗ ಅರ್ಥವಾದೀತು. ಗೋಡೆ ಎದ್ದ ಮೇಲೆ ಶೌಚಾಲಯ ಎಲ್ಲಿ ಎಂದು ಕೇಳುವುದಕ್ಕಿಂತ ನಕ್ಷೆ ಕಾಗದದಲ್ಲಿರುವಾಗಲೇ ಕೇಳುವುದು ಸುಲಭ, ಖರ್ಚೂ ಕಡಿಮೆ.

ಸೌಧಕ್ಕೆ ಪ್ರಜೆಗಳ ಹೆಸರಿಟ್ಟಾಗಿದೆ. ಮಗುವನ್ನು ಎತ್ತಿಕೊಂಡು ದೂರದ ಹಳ್ಳಿಯಿಂದ ಬಂದ ಒಬ್ಬ ತಾಯಿ ಯಾರ ಕಾಲೂ ಹಿಡಿಯದೆ, ಒಂದೇ ದಿನದಲ್ಲಿ ಕೆಲಸ ಮುಗಿಸಿ ಮರಳಿದರೆ ಮಾತ್ರ ಆ ಹೆಸರು ಸಾರ್ಥಕ.